ತಂಬಿಗೆಯಲ್ಲಿ ಉಳಿದ ನೀರು

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ನಿಮಗೆಲ್ಲ ಸೀನು ಬರುತ್ತದೆ, ನನಗೆ ಅಳು ಬರುತ್ತದೆ. ಮೊನ್ನೆ ಹಾವೇರಿಯ ಬಸ್ ನಿಲ್ದಾಣದಲ್ಲಿ ಯಾರೋ ಬ್ಯಾಡಗಿ ಮೆಣಸಿನಕಾಯಿಯ ಚೀಲವನ್ನು ನನ್ನ ಕಾಲ ಬಳಿ ಇಟ್ಟು ಚಹಾ ಕುಡಿಯಲು ಹೋದರು. ನಾನು ನಾಚಿಕೆ ಬಿಟ್ಟು ಬಾಗಿ ಅದರ ವಾಸನೆ ಹೀರಿದೆ. ಬಿಸಿಲು, ಮಣ್ಣು, ಒಂಚೂರು ಸಿಹಿ, ಆಮೇಲೆ ಗಂಟಲಲ್ಲಿ ಉರಿ. ನಮ್ಮ ಆಯಿಯ ಸೆರಗಿನ ವಾಸನೆ ಅದು. ಪಕ್ಕದಲ್ಲಿ ಕುಳಿತವರು ಏನಂದುಕೊಂಡರೋ ಕಾಣೆ.

ಆಯಿ ಅಂದರೆ ನಮ್ಮವ್ವನ ತಾಯಿ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಬ್ಯಾಡಗಿಯ ಓಣಿಯೊಂದರಲ್ಲಿ ಎರಡು ಕೋಣೆಯ ಹಂಚಿನ ಮನೆ, ಆಯಿ, ಅವ್ವ, ನಾನು, ಮೂರೇ ಜನ. ಗೋಡೆಯ ಮೇಲೆ ಕಟ್ಟಿಗೆಯ ಶಿಲುಬೆ, ಅದರ ಕೆಳಗೆ ಮೆಣಸಿನಕಾಯಿಯ ಚೀಲಗಳು. ವ್ಯಾಪಾರಸ್ಥರ ಮಾಲು ಮನೆಗೆ ತಂದು ತುಂಬು ಬಿಡಿಸುವುದು, ಅಂದರೆ ಕಾಯಿಯ ತೊಟ್ಟು ಕೀಳುವುದು, ಆಯಿಯ ಕೆಲಸ. ಓಣಿಯ ಹೆಂಗಸರೂ ನಮ್ಮ ಪಡಸಾಲೆಗೇ ಬಂದು ಕೂರುತ್ತಿದ್ದರು. ಅವರ ಹರಟೆ, ಸೀನು, ನಗು, ತೊಟ್ಟು ಮುರಿಯುವ ಚಟಚಟ ಸದ್ದು, ಇವುಗಳ ನಡುವೆಯೇ ನಾನು ಬೆಳೆದೆ. ಕೆಲಸ ಮುಗಿದ ಕೂಡಲೇ ನೀರು ಮುಟ್ಟಿದರೆ ಕೈ ಇನ್ನಷ್ಟು ಉರಿಯುತ್ತದೆಂದು ಆಯಿ ಮೊದಲು ಶೇಂಗಾ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಅದೇ ಕೈಯಿಂದ ನನ್ನ ಗಲ್ಲ ಸವರಿದರೆ ಸಂಜೆಯ ತನಕ ಚುರುಚುರು. ಈಗ ಆ ಮನೆಯ ಜಾಗದಲ್ಲಿ ಯಾರದೋ ಗೋದಾಮು ಎದ್ದಿದೆ.

ಭಾನುವಾರ ಮೂವರೂ ರೈಲು ಹತ್ತಿ ರಾಣೆಬೆನ್ನೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಹೋಗುತ್ತಿದ್ದೆವು. ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದು ಹೊಳೆ ಸೊಂಟದ ಮಟ್ಟಕ್ಕೆ ಇಳಿದಾಗ, ಪಾಸ್ಟರ್ ಐರಣಿಯ ಹತ್ತಿರ ತುಂಗಭದ್ರೆಯಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದರು. ಪೂರ್ತಿ ಮುಳುಗಿ ಏಳಬೇಕು. ಅವ್ವನದು ಆಗಿತ್ತು. ಆಯಿಯದು ಆಗಿರಲಿಲ್ಲ. ಯೇಸುಸ್ವಾಮಿ ಎಂದರೆ ಅವಳಿಗೆ ಪ್ರಾಣ, ಹೊಳೆಗಿಳಿಯಲೆಂದು ಬಿಳಿ ಸೀರೆಯನ್ನೂ ಟ್ರಂಕಿನಲ್ಲಿ ಮಡಿಚಿಟ್ಟಿದ್ದಳು. ಆದರೆ ಆ ದಿನಗಳೇ ಮೆಣಸಿನಕಾಯಿಯ ಸುಗ್ಗಿ. ಒಂದು ವರ್ಷ ಜ್ವರ ಬಿದ್ದ ಗೆಳತಿಯ ಪಾಲಿನ ಚೀಲಗಳನ್ನೂ ತಾನೇ ಬಿಡಿಸುತ್ತ ಕುಳಿತಳು. ಮರುವರ್ಷ ಎದುರುಮನೆಯ ಬಸುರಿಗೆ ಅವತ್ತೇ ಹೆರಿಗೆ ಬೇನೆ. ಅದರ ಮರುವರ್ಷ ಓಣಿಯಲ್ಲೊಂದು ಸಾವು, ಆ ಮನೆಯ ಮಕ್ಕಳಿಗೆ ರೊಟ್ಟಿ ಬಡಿಯುವವರಿಲ್ಲ.

ನಾನೋ, ಸಂಡೇ ಸ್ಕೂಲಿನಲ್ಲಿ ಬಾಯಿಪಾಠಕ್ಕೆ ಬಹುಮಾನ ಗೆದ್ದ ಹುಡುಗಿ. ಹತ್ತು ವರ್ಷ ವಯಸ್ಸು, ಮೈತುಂಬ ಜಂಭ. ಆ ಮೂರನೆಯ ಸಲ ಸೊಂಟದ ಮೇಲೆ ಕೈಯಿಟ್ಟು ನಿಂತು, ಮಂದಿಯ ಕೆಲಸ ಮಾಡಿದರೆ ಆತ್ಮಕ್ಕೆ ರಕ್ಷಣೆ ಸಿಗುವುದಿಲ್ಲ, ನಂಬಿ ನೀರಲ್ಲಿ ಮುಳುಗಬೇಕು ಎಂದು ಅವಳಿಗೇ ಬೋಧನೆ ಮಾಡಿದೆ. ಆಯಿ ಹಿಟ್ಟಿನ ಕೈಯನ್ನೂ ತೊಳೆಯದೆ ನಕ್ಕಳು. "ಹೊಳಿ ಎಲ್ಲಿ ಹೋಗತೈತವ್ವಾ? ಹುಡುಗೂರು ಹಸದಾವು, ಅವನ್ನ ಬಿಟ್ಟು ಹೆಂಗ ಹೋಗ್ಲಿ?"

ಹೊಳೆ ಎಲ್ಲಿಗೂ ಹೋಗಲಿಲ್ಲ. ಮರುವರ್ಷದ ಸಂಕ್ರಾಂತಿಗೂ ಮುಂಚೆ ಆಯಿಯೇ ಜ್ವರ ಹಿಡಿದು ಮಲಗಿದಳು. ಆಸ್ಪತ್ರೆಯವರು ಮನೆಗೆ ಕರೆದೊಯ್ಯಿರಿ ಎಂದರು. ಮನೆಗೆ ತಂದ ಎರಡನೆಯ ದಿನ ಅವ್ವ ಪಾಸ್ಟರನ್ನು ಕರೆತರಲು ರಾಣೆಬೆನ್ನೂರಿಗೆ ಓಡಿದಳು. ಮಟಮಟ ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ. ಆಯಿ ಕಣ್ಣು ತೆರೆದು, ತಂಬಿಗೆ ನೀರು ತಾ ಎಂದಳು. ತಂದೆ.

"ನೀನ ಹಾಕವ್ವಾ, ನನ್ನ ತಲೀಮ್ಯಾಲ. ಪಾಸ್ಟರು ಬರೂತನಾ ನಾ ಇರಂಗಿಲ್ಲ."

ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬಾಯಿ ಮಾತ್ರ ಸುಮ್ಮನಿರಲಿಲ್ಲ. "ಹಂಗ ಹಾಕಿದ್ರ ನಡಿಯಂಗಿಲ್ಲ ಆಯಿ. ಹೊಳ್ಯಾಗ ಮುಳಗಬೇಕು. ಪಾಸ್ಟರ ಕೊಡಬೇಕು."

ಅವಳು ವಾದ ಮಾಡಲಿಲ್ಲ. "ಆತು ಬಿಡು. ಕುಡಸರ ಕುಡಸು" ಎಂದಳು. ತಲೆ ಎತ್ತಿ ಹಿಡಿದು ಕುಡಿಸಿದೆ. ಅರ್ಧ ಕುಡಿದಳು, ನನ್ನ ಗಲ್ಲ ಸವರಿದಳು. ಎಷ್ಟೋ ದಿನದಿಂದ ಮೆಣಸಿನಕಾಯಿ ಮುಟ್ಟದ ಬೆರಳು, ಉರಿಯಲೇ ಇಲ್ಲ. ಅವ್ವ ಪಾಸ್ಟರನ್ನು ಕರೆದುಕೊಂಡು ಬರುವಷ್ಟರಲ್ಲಿ ಆಯಿ ಹೋಗಿಬಿಟ್ಟಿದ್ದಳು.

ಹೊಳೆಗೆಂದು ಇಟ್ಟಿದ್ದ ಬಿಳಿ ಸೀರೆಯನ್ನೇ ಉಡಿಸಿ ಅವಳನ್ನು ಮಣ್ಣು ಮಾಡಿದರು. ನಾನು ಹಿತ್ತಲಲ್ಲಿ ಪಾಸ್ಟರನ್ನು ತಡೆದು ನಡೆದದ್ದನ್ನೆಲ್ಲ ಹೇಳಿ, ಆಯಿ ಪರಲೋಕಕ್ಕೆ ಹೋದಳೋ ಇಲ್ಲವೋ ಎಂದು ಕೇಳಿದೆ. ಆ ಮುದುಕರು ಕಲ್ಲಿನ ಮೇಲೆ ಕುಳಿತರು. ಆಕೆ ನಂಬಿದ್ದಳು, ದೇವರಿಗೆ ಅಷ್ಟು ಸಾಕು, ಹೆದರಬೇಡ ಎಂದರು. ಹಾಗಾದರೆ ನಾನು ನೀರು ಹಾಕದೇ ಇದ್ದದ್ದು ಸರಿಯೇ ಎಂದೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಹಾಕಬೇಕಿತ್ತವ್ವಾ," ಎಂದರು. "ದೇವರ ಸಲುವಾಗಿ ಅಲ್ಲ. ಆಕೀಗೆ ಆಸೆ ಇತ್ತು."

ಮುಂದೆ ಐರಣಿಯಲ್ಲಿ ನಾನೂ ಮುಳುಗಿ ಎದ್ದೆ. ನಂಬಿಕೆ, ಕ್ರಿಯೆ, ದೀಕ್ಷಾಸ್ನಾನ, ಯಾವುದು ಮೊದಲು ಯಾವುದು ಆಮೇಲೆ ಎಂದು ಯಾರಾದರೂ ವಾದಕ್ಕಿಳಿದರೆ ಇವತ್ತಿಗೂ ಎದ್ದು ಹೊರಗೆ ಹೋಗುತ್ತೇನೆ. ಆಯಿ ನಂಬಿದಳು, ಓಣಿಗೆಲ್ಲ ದುಡಿದಳು. ಅವಳಿಗೆ ಬೇಕಾಗಿದ್ದ ನೀರು ಮಾತ್ರ ನನ್ನ ಕೈಯಲ್ಲಿತ್ತು. ಅವತ್ತು ಅವಳು ಕುಡಿದ ಮೇಲೂ ಅರ್ಧ ತಂಬಿಗೆ ಉಳಿದಿತ್ತು. ನಾನು ಅದನ್ನು ಅಂಗಳಕ್ಕೆ ಚೆಲ್ಲಿ, ತಂಬಿಗೆ ಬೋರಲು ಹಾಕಿ ಒಳಗೆ ಬಂದೆ.