ಒಂದೂವರೆ ನೂಲು

ದ್ಯಾಮಪ್ಪ ಒಳ್ಳೆಯ ಮನುಷ್ಯನಲ್ಲ. ಅವನ ಕೈ ದೊಡ್ಡದು, ಮನಸ್ಸು ಸಣ್ಣದು. ಕೆಲಸ ಕೈಗೂಡಿದರೆ ತನ್ನದು, ಕೆಟ್ಟರೆ ಇನ್ನೊಬ್ಬನದು ಎಂಬುದೊಂದೇ ಅವನ ಸಿದ್ಧಾಂತ. ಶಿರಸಿಯಲ್ಲಿ ಅವನ ಗ್ಯಾರೇಜಿಗೆ ಗಾಡಿ ಬಿಟ್ಟ ಯಾರೂ ಇದನ್ನು ಅಲ್ಲಗಳೆಯುವುದಿಲ್ಲ.

ಅವನು ಬನವಾಸಿ ಕಡೆಯವನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳಗಾವಿಯ ಮಿಲಿಟರಿ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಸ್ಪ್ಯಾನರ್ ಹಿಡಿದು, ಯುದ್ಧ ಮುಗಿದ ಮೇಲೆ ಶಿರಸಿಗೆ ಬಂದು ಯಲ್ಲಾಪುರ ರಸ್ತೆಯಲ್ಲಿ ತಗಡಿನ ಮಾಡೊಂದನ್ನು ಎಬ್ಬಿಸಿದ. ಅವನು ಬಿಗಿದ ಬ್ರೇಕು ಹಿಡಿಯದಿದ್ದರೆ ಡ್ರೈವರನ ಕಾಲು ಸರಿಯಿಲ್ಲ. ಅವನು ಕೂರಿಸಿದ ಬೇರಿಂಗ್ ಒಡೆದರೆ ರಸ್ತೆ ಸರಿಯಿಲ್ಲ. ‘ತಪ್ಪಾತು’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಆದರೂ ಜನ ಅವನಲ್ಲಿಗೇ ಹೋಗುತ್ತಿದ್ದರು. ಮಿಲಿಟರಿ ಗಾಡಿಗಳ ಹೊಟ್ಟೆಯೊಳಗೆ ಏನಿದೆಯೆಂದು ಬಲ್ಲವನು ಮೂರು ತಾಲೂಕುಗಳಲ್ಲಿ ಅವನೊಬ್ಬನೇ.

ಕೋಲಸಿರ್ಸಿಯ ನಾಗಪತಿ ಅವನಲ್ಲಿಗೆ ಹೋದದ್ದೂ ಅದಕ್ಕೇ. ನಾಗಪತಿ ಹನ್ನೆರಡು ವರ್ಷ ಶಿವಲಿಂಗಪ್ಪ ಎಂಬ ನಾಟಾ ವ್ಯಾಪಾರಿಯ ಲಾರಿಗಳನ್ನು ಓಡಿಸಿದವನು. ಹನ್ನೆರಡು ವರ್ಷವೂ ‘ಏ ನಾಗ್ಯಾ’ ಎಂದು ಕರೆಸಿಕೊಂಡವನು. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಹೇಗೋ ಮಾಡಿ ಯುದ್ಧದಿಂದ ಉಳಿದು ಹರಾಜಿಗೆ ಬಂದ ಒಂದು ಲಾರಿಯನ್ನು ತನ್ನದಾಗಿಸಿಕೊಂಡ. ಗಿಡ್ಡ ಮೂತಿಯ, ನಾಲ್ಕೂ ಚಕ್ರ ಎಳೆಯುವ ಗಾಡಿ. ಯಲ್ಲಾಪುರ ತಾಲೂಕಿನ ನಂದೊಳ್ಳಿಯ ಆಚೆ, ಮರ ಕಡಿಯುವ ಕೂಪಿನಿಂದ ಮೇಲೇರುವ ಕೆಮ್ಮಣ್ಣಿನ ಏರಿಯಲ್ಲಿ ಬೇರೆ ಲಾರಿಗಳು ಅರ್ಧಕ್ಕೆ ನಿಂತು ಹಿಂದಕ್ಕೆ ಜಾರುತ್ತಿದ್ದವು. ಇದು ಮುಂದಿನ ಚಕ್ರಗಳಿಂದಲೂ ನೆಲ ಕಚ್ಚಿ ಏರುತ್ತಿತ್ತು. ಆದರೆ ಅದರ ಪೆಟ್ರೋಲ್ ಎಂಜಿನ್ ಮುದಿಯಾಗಿತ್ತು. ಐವತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ, ನಾಗಪತಿಯ ಹೆಂಡತಿ ನಾಗಿ ಹೇಳುವಂತೆ, ಅದಕ್ಕೆ ಕುಡಿಯಲು ಬರುತ್ತಿತ್ತು, ದುಡಿಯಲು ಬರುತ್ತಿರಲಿಲ್ಲ.

ಆಗ ಹೊಸ ಡೀಸೆಲ್ ಎಂಜಿನ್‌ಗಳು ಹುಬ್ಬಳ್ಳಿಗೆ ಬರತೊಡಗಿದ್ದವು. ನಾಗಪತಿ ಒಂದನ್ನು ತಂದ. ನಂದೊಳ್ಳಿಯ ಕೂಪಿನ ಮರ ಸಾಗಣೆ ಶಿವಲಿಂಗಪ್ಪನ ಕೈಯಲ್ಲಿತ್ತು. ಅದನ್ನು ಆ ವರ್ಷದ ಮಟ್ಟಿಗೆ ನಾಗಪತಿಗೆ ಬಿಡುತ್ತೇನೆ ಎಂದು ಶಿವಲಿಂಗಪ್ಪ ಒಪ್ಪಿದ್ದು ನಗುತ್ತಲೇ. “ಶಿವರಾತ್ರಿ ಒಳಗ ಗಾಡಿ ಏರಿ ಹತ್ತಿದ್ರ ನಿಂದು. ಇಲ್ಲಂದ್ರ ನನ್ನ ಲಾರೀದು ಸ್ಟೇರಿಂಗ್ ಎಲ್ಲೂ ಹೋಗಿಲ್ಲೋ ನಾಗ್ಯಾ, ಹಂಗ ಐತಿ.”

ದೀಪಾವಳಿ ಮುಗಿದ ಮರುವಾರ ಲಾರಿ ದ್ಯಾಮಪ್ಪನ ಮಾಡಿನ ಕೆಳಗೆ ನಿಂತಿತು. ಹಳೆಯ ಎಂಜಿನ್ ಒಂದೇ ದಿನದಲ್ಲಿ ಹೊರಬಂತು. ಇಷ್ಟೇ ತಾನೇ ಎಂದುಕೊಂಡ ನಾಗಪತಿ ಊರಿಗೆ ಹೋಗಿ ಭತ್ತದ ಕೊಯ್ಲು ಮುಗಿಸಿ ಬಂದು ನೋಡಿದರೆ ಹೊಸ ಎಂಜಿನ್ ಇನ್ನೂ ಸರಪಳಿಯಲ್ಲಿ ನೇತಾಡುತ್ತಿತ್ತು. ಅದು ಉದ್ದವಾಗಿತ್ತು, ಭಾರವಾಗಿತ್ತು, ಅದರ ತಳದ ಎಣ್ಣೆತೊಟ್ಟಿ ನೇರವಾಗಿ ಮುಂದಿನ ಆಕ್ಸಲ್ಲಿನ ಮೇಲೆ ಕೂರುತ್ತಿತ್ತು. ನೋಡಲು ಬಂದವರೆಲ್ಲ ಒಂದೇ ಸಲಹೆ ಕೊಟ್ಟರು: ಮುಂದಿನ ಚಕ್ರಗಳ ಎಳೆತ ಬಿಚ್ಚಿಹಾಕಿ, ಸಾದಾ ಲಾರಿಯ ಆಕ್ಸಲ್ ಕೂರಿಸಿ. ವಾರಗಟ್ಟಲೆ ಕಾದು ಬೇಸತ್ತ ನಾಗಪತಿಯೂ ಒಂದು ದಿನ ಹಾಗೇ ಅಂದ. ದ್ಯಾಮಪ್ಪ ತಲೆಯೆತ್ತದೆ, ಹಂಗಾದ್ರ ಎತ್ತು ತಗೋ, ಅದಕ್ಕ ಆಕ್ಸಲ್ಲೇ ಬ್ಯಾಡ ಎಂದು, ಕತ್ತರಿಸಿದ ಎಣ್ಣೆತೊಟ್ಟಿಯನ್ನು ಬೆಸೆಯುತ್ತ ಕೂತ. ಮೂರು ಸಲ ಕತ್ತರಿಸಿದ. ಎರಡು ಸಲ ಸೋರಿತು. ಎರಡು ಸಲವೂ ಗ್ಯಾಸು ಸರಿಯಿರಲಿಲ್ಲ.

ಅರ್ಧ ಡಿಸೆಂಬರ್ ಅಲ್ಲಿಗೇ ಕಳೆಯಿತು. ಎಂಜಿನ್ ಕೂತಿತು. ಆಮೇಲೆ ನಿಜವಾದ ತೊಂದರೆ ಎದುರಾಯಿತು. ಹೊಸ ಎಂಜಿನ್ನಿನ ಬೆನ್ನಿಗೂ ಹಳೆಯ ಗೇರ್ ಬಾಕ್ಸಿನ ಬಾಯಿಗೂ ಹೊಂದಿಕೆಯೇ ಇರಲಿಲ್ಲ. ನಡುವೆ ಗಂಟೆಯಾಕಾರದ ಒಂದು ಎರಕದ ಜೋಡಣೆ ಬೇಕು, ಒಂದು ಕಡೆ ಎಂಜಿನ್ನಿಗೆ ಹೊಂದುವಂತೆ, ಇನ್ನೊಂದು ಕಡೆ ಗೇರ್ ಬಾಕ್ಸಿಗೆ. ಹುಬ್ಬಳ್ಳಿಯ ಎರಕದವರು ಮರದ ಅಚ್ಚು ತಂದರೆ ಹುಯ್ದು ಕೊಡುತ್ತೇವೆ ಎಂದರು. ಅಚ್ಚು ಮಾಡುವ ಅವರ ಬಡಗಿಗೆ ಎರಡು ತಿಂಗಳು ಪುರಸೊತ್ತಿರಲಿಲ್ಲ.

ಆಗ ದ್ಯಾಮಪ್ಪನಿಗೆ ಹೊಳೆದದ್ದು ಜಡೆಪ್ಪ ಗುಡಿಗಾರ. ಶ್ರೀಗಂಧದಲ್ಲೂ ಹಲಸಿನಲ್ಲೂ ದೇವರ ಮೂರ್ತಿ ಕೆತ್ತುತ್ತಿದ್ದ ಮುದುಕ. ಮರದಲ್ಲಿ ಅವನ ಉಳಿಗೆ ಬಾರದ ಆಕಾರವಿರಲಿಲ್ಲ. ದ್ಯಾಮಪ್ಪ ಕಾಗದದ ಮೇಲೆ ಅಳತೆ ಬರೆದುಕೊಟ್ಟ, ಜಡೆಪ್ಪ ಹಳೆಯ ಸಾಗವಾನಿಯಲ್ಲಿ ಹದಿನೈದು ದಿನ ಕೂತು ಕೆತ್ತಿದ. ಅಚ್ಚು ನೋಡಲು ಪೇಟೆಯ ಮಂದಿ ಬಂದರು. ದ್ಯಾಮಪ್ಪ ಸ್ಕೇಲಿಟ್ಟು ಮೂವತ್ತು ಕಡೆ ಅಳೆದ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಕೆಟ್ಟದ್ದು ಅದರಿಂದಲೇ. ಕರಗಿದ ಕಬ್ಬಿಣ ಆರುವಾಗ ಅಡಿಗೆ ಒಂದು ನೂಲು, ಅಂದರೆ ಅಂಗುಲದ ಎಂಟನೆಯ ಒಂದು ಪಾಲಿನಷ್ಟು, ಕುಗ್ಗುತ್ತದೆ. ಎರಕದ ಬಡಗಿಗಳು ಅಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡುತ್ತಾರೆ. ದೇವರನ್ನು ಕೆತ್ತುವವನಿಗೆ ಅದು ಗೊತ್ತಿರಲು ಕಾರಣವಿಲ್ಲ. ದ್ಯಾಮಪ್ಪನಿಗೆ ಗೊತ್ತಿರಬೇಕಿತ್ತು. ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಬಂದ ಎರಕವನ್ನು ಎಂಜಿನ್ನಿನ ಬೆನ್ನಿಗೆ ಹಿಡಿದಾಗ ಒಂದೂವರೆ ಅಡಿಯ ಬಾಯಿ ಒಂದೂವರೆ ನೂಲು ಕಡಿಮೆ ಬಿತ್ತು. ಬೋಲ್ಟಿನ ತೂತು ಕೊರೆದರೆ ಅಂಚೇ ಒಡೆಯುತ್ತಿತ್ತು. ನಾಗಪತಿ ಅದನ್ನು ತಿರುಗಿಸಿ ತಿರುಗಿಸಿ ಹಿಡಿದು ನೋಡಿದ, ತಿರುಗಿಸಿದರೆ ಹಿಗ್ಗುತ್ತದೆಂಬಂತೆ. ಅಂದು ಜನವರಿ ಹತ್ತೊಂಬತ್ತು. ಶಿವರಾತ್ರಿಗೆ ಐದು ವಾರ ಉಳಿದಿತ್ತು.

ದ್ಯಾಮಪ್ಪ ನೇರ ಚಹದಂಗಡಿಗೆ ಹೋದ. ಅಲ್ಲಿ ಹತ್ತು ಜನರ ಮುಂದೆ, ಜಡೆಪ್ಪನೂ ಮೂಲೆಯ ಬೆಂಚಿನಲ್ಲಿ ಕೂತಿದ್ದಾಗಲೇ, ದೇವರ ಮೂಗು ಕೆತ್ತುವವನ ಕೈಯಾಗ ಎಂಜಿನ್ ಕೆಲಸ ಕೊಟ್ಟರೆ ಹಿಂಗೇ ಆಗುವುದು ಎಂದ. ಯಾರೋ ನಕ್ಕರು. ಅರವತ್ತೆಂಟು ವರ್ಷದಲ್ಲಿ ಅಳತೆ ತಪ್ಪಿದೆ ಎಂಬ ಮಾತು ಕೇಳದಿದ್ದ ಮುದುಕ ಅರ್ಧ ಚಹ ಬಿಟ್ಟು ಎದ್ದುಹೋದ. ನಾಗಪತಿಗೆ ಮೈಯೆಲ್ಲ ಉರಿಯಿತು. ಆದರೆ ಬಿಚ್ಚಿದ ಲಾರಿ ದ್ಯಾಮಪ್ಪನ ಮಾಡಿನಲ್ಲಿತ್ತು. ಅವನು ಬಾಯಿ ಮುಚ್ಚಿಕೊಂಡ. ಹಾಗೆ ಮುಚ್ಚಿಕೊಂಡದ್ದು ಅವನನ್ನು ಇನ್ನಷ್ಟು ಉರಿಸಿತು.

ಆ ರಾತ್ರಿ ಮನೆಯಲ್ಲಿ ವಿಷಯ ಕೇಳಿ, ಎಂಜಿನ್ ಬದಲು ಮಾಡುವ ಮೊದಲು ದ್ಯಾಮಪ್ಪನನ್ನು ಬದಲು ಮಾಡಬೇಕಿತ್ತು ಎಂದಳು ನಾಗಿ. ನಾಗಪತಿ ಉಣ್ಣದೆ ಎದ್ದ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಜಡೆಪ್ಪನ ಮನೆಗೆ ಹೋದ. ಇನ್ನೊಂದು ಅಚ್ಚು, ಅಡಿಗೆ ಒಂದು ನೂಲು ಹೆಚ್ಚಿಟ್ಟು ಕೆತ್ತಿಕೊಡಬೇಕು ಎಂದು ಬೇಡಿದ. ಜಡೆಪ್ಪ ಹಿಂದಿನ ದಿನದ ಅವಮಾನದ ಮಾತೇ ಎತ್ತಲಿಲ್ಲ. ಅವನ ತೊಡಕು ಬೇರೆಯೇ ಆಗಿತ್ತು.

“ಸರಿ ಅಳತೆ ಇಷ್ಟು ಅಂತ ಕಾಗದದಲ್ಲಿ ಬರ್ದದೆ. ಅದ್ರ ಮೇಲೆ ನೂಲು ಸೇರ್ಸು ಅಂತೀಯೆ. ಅಳತೆ ತಪ್ಸಿ ಕೆತ್ತೂಕೆ ನನ್ನ ಕೈ ಏಳೂದಿಲ್ಲ ನಾಗಪತಿ. ನಮ್ಮಪ್ಪ ಕಲ್ಸಿದ್ದಲ್ಲ ಅದು.”

ಇದು ಮೂರ್ತಿಯಲ್ಲ, ಕಬ್ಬಿಣದ ಗಂಟೆ ಎಂದು ನಾಗಪತಿ ಹೇಳಿ ನೋಡಿದ. ಒಲಿಸಿದ, ಗೋಗರೆದ, ಕೊನೆಗೆ ರೇಗಿದ. ಮುದುಕ ತನ್ನ ಮುಂದಿದ್ದ ಅರೆಗೆತ್ತಿದ ಗಣಪತಿಯ ಹೊಟ್ಟೆಯನ್ನು ಬೆರಳಲ್ಲಿ ಸವರುತ್ತ ಕೂತ. ನಾಗಪತಿ ಎದ್ದು ಅಂಗಳ ದಾಟಿದ್ದ. ಅಷ್ಟರಲ್ಲಿ ಮುದುಕ ಹಿಂದಿನಿಂದ ಕರೆದ.

“ನೋಡು. ಒಂದೊಂದು ಮೂರ್ತಿಗೂ ಅದರದ್ದೇ ಅಂಗುಲ ಇರ್ತದೆ. ಮೊಳದುದ್ದದ ದೇವರ ಅಂಗುಲ ಬೇರೆ, ಗೇಣುದ್ದದ್ದರದ್ದು ಬೇರೆ. ಒಂದು ಕಡ್ಡಿ ಮೇಲೆ ಗುರುತು ಮಾಡ್ಕಂಡು ಅದ್ರಲ್ಲೇ ಕೆತ್ತೂದು. ನಿಮ್ಮ ಎಂಜಿನ್ನಿನ ಅಂಗುಲ ಯಾವ್ದು ಅಂತ ದ್ಯಾಮಪ್ಪ ಕಡ್ಡಿ ಮಾಡಿ ಕೊಡ್ಲಿ. ಅದ್ರ ಪ್ರಕಾರ ಕೆತ್ತಿದ್ರೆ ನಂದೇನೂ ತಪ್ಪಾಗೂದಿಲ್ಲ.”

ದ್ಯಾಮಪ್ಪ ಇದನ್ನು ಕೇಳಿ ಹಲ್ಲುಕಡ್ಡಿ ಉಗುಳಿದ. ಮುದುಕನಿಗೆ ಅರಳುಮರಳು ಎಂದ. ಆದರೆ ಸಂಜೆಯೊಳಗೆ ಒಂದು ಹಿತ್ತಾಳೆ ಪಟ್ಟಿಯನ್ನು ಅರದಿಂದ ಉಜ್ಜಿ, ಹನ್ನೆರಡು ಅಂಗುಲ ಸೇರಿದರೆ ಅಡಿಗಿಂತ ಒಂದು ನೂಲು ಹೆಚ್ಚಾಗುವಂತೆ ಗೆರೆ ಹಾಕಿ, ಚಿಂದಿ ಬಟ್ಟೆಯಲ್ಲಿ ಸುತ್ತಿ ನಾಗಪತಿಯ ಕೈಗಿಟ್ಟ. ಜೊತೆಗೆ ಒಂದು ಒಳ್ಳೆಯ ಮಾತು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ.

ಎರಡನೆಯ ಅಚ್ಚು ಹನ್ನೆರಡು ದಿನಕ್ಕೆ ಮುಗಿಯಿತು. ಅದನ್ನು ಅಂದೇ ಹುಬ್ಬಳ್ಳಿ ಬಸ್ಸಿಗೆ ಹಾಕಬೇಕಿತ್ತು. ದ್ಯಾಮಪ್ಪ ಬಿಡಲಿಲ್ಲ. ಪರೀಕ್ಷೆ ಮಾಡಬೇಕು ಎಂದು ಎರಡು ದಿನ ಗ್ಯಾರೇಜಿನಲ್ಲಿ ಇಟ್ಟುಕೊಂಡ. ಬೆಂಚಿನ ಮೇಲೆ ಗೋಣಿ ಹೊದ್ದು ಮಲಗಿದ್ದ ಆ ಅಚ್ಚನ್ನು ನೋಡಿದಾಗಲೆಲ್ಲ ನಾಗಪತಿಗೆ ಶಿವಲಿಂಗಪ್ಪನ ನಗೆ ಕೇಳಿಸುತ್ತಿತ್ತು. ಅದೂ ಸಾಲದೆಂಬಂತೆ, ಎರಡು ತೂತಿಗೆ ತೇಪೆ ಹಾಕಲೆಂದು ಅವನು ಬಿಟ್ಟಿದ್ದ ಟೈರಿನ ಟ್ಯೂಬು ಬೆಂಚಿನ ಕೆಳಗೆ ಬಿದ್ದಿತ್ತು. ಯಾರೋ ಅದರಲ್ಲಿ ಕತ್ತರಿಯಾಡಿಸಿದ್ದರು. ಅಲ್ಲೊಂದು ಡೊಂಕು ಪಟ್ಟಿ, ಇಲ್ಲೊಂದು ಸುರುಳಿ ಕತ್ತರಿಸಿ ತೆಗೆದು, ಟ್ಯೂಬು ಇಲಿ ಕಡಿದ ಹಾಗೆ ಕಾಣುತ್ತಿತ್ತು.

“ಎಂತ ಮಾರಾಯ ಇದು? ಒಂದು ವರ್ಷ ಆಗ್ಲಿಲ್ಲ ಈ ಟ್ಯೂಬಿಗೆ.”

“ಕೆಲಸಕ್ಕ ಬೇಕಾತು.”

“ಯಾವ ಕೆಲಸಕ್ಕೆ?”

“ಎಂಜಿನ್ ಕೂರಿಸೂದು ನೀನೋ ನಾನೋ?”

ನಾಗಪತಿ ಟ್ಯೂಬನ್ನು ನೆಲಕ್ಕೆ ಬೀಸಿ ಎಸೆದು ಹೊರಗೆ ಬಂದ. ಈ ಗಾಡಿ ಒಮ್ಮೆ ಹೊರಟರೆ ಸಾಕು, ಇನ್ನು ಈ ಮಾಡಿನ ನೆರಳು ತುಳಿಯುವುದಿಲ್ಲ ಎಂದು ಅಲ್ಲೇ ರಸ್ತೆಯ ಮೇಲೆ ಆಣೆ ಮಾಡಿಕೊಂಡ.

ಎರಕ ಫೆಬ್ರವರಿ ಹದಿನೇಳಕ್ಕೆ ಬಂತು. ಬೆನ್ನಿಗೆ ಹಿಡಿದರೆ ಬೆನ್ನಿಗೆ ಕೂತಿತು, ಬಾಯಿಗೆ ಹಿಡಿದರೆ ಬಾಯಿಗೆ. ತೂತಿಗೆ ತೂತು ಸೇರಿತು. ನಾಗಪತಿ ನಗಬೇಕೆಂದುಕೊಂಡ. ಮೂರು ತಿಂಗಳ ಸಿಟ್ಟು ಬಿಡಲಿಲ್ಲ. ದ್ಯಾಮಪ್ಪ ಮುಂದಿನ ಆರು ದಿನ ಮನೆಗೆ ಹೋಗದೆ ಕೆಲಸ ಮಾಡಿದ, ಮತ್ತು ಆ ಆರು ದಿನವೂ ಬೈದ, ಸ್ಪ್ಯಾನರನ್ನು, ಹುಬ್ಬಳ್ಳಿಯವರನ್ನು, ಬಿಸಿಲನ್ನು. ನೋಡಲು ಬಂದವರಿಗೆ, ಮೊದಲ ಸಲ ಆ ಗುಡಿಗಾರ ಕೆಡಿಸಿದ, ಆಮೇಲೆ ನಾನು ಅಳತೆಕಡ್ಡಿ ಮಾಡಿಕೊಟ್ಟೆ, ಆಗ ಸರಿಯಾಯಿತು ಎಂದು ಹೇಳುತ್ತಲೇ ಇದ್ದ. ಜಡೆಪ್ಪ ಅತ್ತ ಸುಳಿಯಲಿಲ್ಲ. ಎಂಜಿನ್ ಮೊದಲ ಸಲ ಗುಡುಗಿ ಮಾಡಿನ ತಗಡು ನಡುಗಿದಾಗ ದ್ಯಾಮಪ್ಪ ಕೈ ಒರೆಸಿಕೊಂಡು, ಹೋಗು, ಏರಿಯ ಬುಡದಲ್ಲೇ ಮುಂದಿನ ಎಳೆತ ಹಾಕು, ನಡುವೆ ಹಾಕಿದರೆ ಗೇರು ಮುರಿಯುತ್ತೀ, ಆಮೇಲೆ ನನ್ನ ಹೆಸರು ಹೇಳಬೇಡ ಎಂದ. ಅದೇ ಬೀಳ್ಕೊಡುಗೆ.

ಶಿವರಾತ್ರಿಯ ಹಿಂದಿನ ದಿನ ಮಧ್ಯಾಹ್ನ ಲಾರಿ ನಂದೊಳ್ಳಿಯ ಏರಿಯ ಬುಡದಲ್ಲಿತ್ತು, ಹಿಂದೆ ಮೂರು ಸಾಗವಾನಿ ದಿಮ್ಮಿ ಹೇರಿಕೊಂಡು. ಮೇಲೆ, ಏರಿ ಮುಗಿಯುವಲ್ಲಿ, ಶಿವಲಿಂಗಪ್ಪ ಕೊಡೆ ಊರಿಕೊಂಡು ನಿಂತಿದ್ದ. ನಾಗಪತಿ ಬುಡದಲ್ಲೇ ಮುಂದಿನ ಎಳೆತ ಹಾಕಿದ. ಎಂಜಿನ್ ಕೂಗಲಿಲ್ಲ, ಗೊಣಗುತ್ತ ಏರಿತು, ದ್ಯಾಮಪ್ಪನ ಹಾಗೆಯೇ. ಹಳೆಯ ಲಾರಿಗಳು ಜಾರುತ್ತಿದ್ದ ತಿರುವಿನಲ್ಲಿ ಹಿಂದಿನ ಚಕ್ರಗಳು ಒಮ್ಮೆ ಸುಮ್ಮನೆ ಸುತ್ತಿದವು. ಮುಂದಿನವು ಕಚ್ಚಿ ಎಳೆದವು. ಮೇಲೆ ಬಂದು ನಿಲ್ಲಿಸಿದಾಗ ಶಿವಲಿಂಗಪ್ಪ ಕೊಡೆಯಿಂದ ಟೈರನ್ನು ಕುಟ್ಟಿ ನೋಡಿದ.

“ಏರೇತಿ ಬಿಡು,” ಎಂದ. ಕೊಡೆಯನ್ನು ಕಂಕುಳಿಗೆ ಸೇರಿಸಿಕೊಂಡು, “ನಾಳೆ ಹಬ್ಬ. ನಾಡಿದ್ದಿಂದ ಗಾಡಿ ಹಚ್ಚು ನಾಗಪತಿ,” ಎಂದ.

ಹೆಸರು ಪೂರ್ತಿಯಾಗಿ ಬಂದದ್ದನ್ನು ನಾಗಪತಿ ಗಮನಿಸಿದ. ಆದರೆ ಗಾಡಿಯ ಕೆಳಗೆ ಎಣ್ಣೆಯ ಹನಿಯೊಂದು ಕಂಡು ಅವನ ಸಂತೋಷ ಅರ್ಧಕ್ಕೆ ನಿಂತಿತು. ಮತ್ತೆ ಆ ತೊಟ್ಟಿ ಸೋರುತ್ತಿದೆ, ಮತ್ತೆ ಆ ಮಾಡು, ಮತ್ತೆ ಆ ಬಾಯಿ ಎಂದುಕೊಳ್ಳುತ್ತ ಅವನು ಬೆನ್ನಮೇಲೆ ಮಲಗಿ ಕೆಮ್ಮಣ್ಣಿನಲ್ಲಿ ಕೆಳಗೆ ತೆವಳಿದ. ತೊಟ್ಟಿ ಸೋರಿರಲಿಲ್ಲ. ತುಂಬುವಾಗ ಚೆಲ್ಲಿದ ಎಣ್ಣೆ ಇಳಿದು ಬರುತ್ತಿತ್ತು, ಅಷ್ಟೆ. ಅದು ಹರಿದ ದಾರಿ ಹಿಡಿದು ಬಟ್ಟೆಯಿಂದ ಒರೆಸುತ್ತ ಹೋದಾಗ, ಗಂಟೆಯಾಕಾರದ ಆ ಎರಕದ ತಳದಲ್ಲಿ, ಮಲಗಿ ನೋಡಿದವನಿಗಲ್ಲದೆ ಯಾರಿಗೂ ಕಾಣದ ಕಡೆ, ಬೆರಳಿಗೆ ಏನೋ ಉಬ್ಬಾಗಿ ತಗಲಿತು. ಒರೆಸಿದ. ಕಬ್ಬಿಣದಲ್ಲಿ ಎದ್ದುನಿಂತ ಅಕ್ಷರಗಳು. ಉಳಿ ಹಿಡಿದು ಪಳಗಿದ ಕೈಯವಲ್ಲ. ಸಾಲು ಡೊಂಕು, ಅಂಚು ಮೊಂಡು, ಒತ್ತಕ್ಷರ ಅದರ ಮೇಲಿನ ಅಕ್ಷರಕ್ಕಿಂತ ದೊಡ್ಡದು. ಕತ್ತರಿಯಿಂದ ಟ್ಯೂಬಿನ ರಬ್ಬರು ಕತ್ತರಿಸಿ ತೇಪೆಯ ಅಂಟಿನಲ್ಲಿ ಅಚ್ಚಿಗೆ ಅಂಟಿಸಿದರೆ ಹೇಗಿರುತ್ತದೋ ಹಾಗಿದ್ದವು.

ಜಡೆಪ್ಪ ಗುಡಿಗಾರ, ಶಿರಸಿ.

ನಾಗಪತಿ ಉಳಿದ ಎಣ್ಣೆಯನ್ನೂ ಒರೆಸಿ, ಎರಕದ ಸುತ್ತ ಎರಡು ಸಲ ಬೆರಳಾಡಿಸಿ ದ್ಯಾಮಪ್ಪನ ಹೆಸರನ್ನು ಹುಡುಕಿದ. ಎಲ್ಲೂ ಇರಲಿಲ್ಲ.