ಮೇಲಿನ ಹಿಡಿ

ದ್ಯಾವಯ್ಯ ಮಾವ ಯಾರ ಜೊತೆ ಮಾತಾಡಿದರೂ ಎಡಗಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಎದುರಿಗೆ ನಿಂತವನು ನೆಟ್ಟಗಿದ್ದಾನೋ ಸೊಟ್ಟಗಿದ್ದಾನೋ ಅಂತ ಅಳೆಯುವ ಹಾಗೆ ಇರುತ್ತಿತ್ತು. ಹೊಸಬರಿಗೆ ಸಿಟ್ಟು ಬರುತ್ತಿತ್ತು. ಮಾವನಿಗೆ ಅದು ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ದಿಮ್ಮಿಯ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಗರಗಸ ಗೆರೆ ಬಿಡದ ಹಾಗೆ ನೋಡಿ ನೋಡಿ ಆ ಕಣ್ಣು ತಾನೇ ಮುಚ್ಚಿಕೊಳ್ಳುವುದು ಕಲಿತಿತ್ತು.

ಹುಣಸೂರಿನ ಮರದ ಅಡ್ಡೆಯಲ್ಲಿ ನಾವಿಬ್ಬರೂ ಒಂದೇ ಗರಗಸದ ಎರಡು ತುದಿ. ಅವರು ಹನಗೋಡಿನವರು, ನಮ್ಮ ತಾಯಿ ಕಡೆ ನೆಂಟರು. ಅಂತರಸಂತೆ ಕಡೆ ಕಾಡಿನಿಂದ ಗಾಡಿಯಲ್ಲಿ ಬಂದ ದಿಮ್ಮಿಯನ್ನು ಗುಂಡಿಯ ಮೇಲೆ ಮಲಗಿಸುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ ನಿಲ್ಲಬೇಕು, ಒಬ್ಬ ಗುಂಡಿಯೊಳಗೆ. ಆಳುದ್ದದ ಗರಗಸಕ್ಕೆ ಎರಡು ಹಿಡಿ. ಮೇಲಿನವನು ಎತ್ತುತ್ತಾನೆ, ಗೆರೆ ಹಿಡಿದು ನಡೆಸುತ್ತಾನೆ. ಕೆಳಗಿನವನು ಎಳೆಯುತ್ತಾನೆ, ಅಷ್ಟೆ. ಮಸಿಯಲ್ಲಿ ಅದ್ದಿದ ನೂಲನ್ನು ಬಿಗಿಯಾಗಿ ಹಿಡಿದು ಚಟ್ ಅಂತ ಬಿಟ್ಟರೆ ಗೆರೆ ಬೀಳುತ್ತದೆ. ದಿಮ್ಮಿಯ ಮೇಲೂ ಒಂದು, ಅಡಿಯಲ್ಲೂ ಒಂದು. ಅಡಿಯ ಗೆರೆ ಹೆಸರಿಗೆ ಮಾತ್ರ. ಮರದ ಹೊಟ್ಟು ಸುರಿಯುತ್ತಿರುವಾಗ ಗುಂಡಿಯಲ್ಲಿರುವವನು ತಲೆ ಎತ್ತುವುದಿಲ್ಲ.

ನಾನು ಗುಂಡಿಗಿಳಿದ ಮೊದಲ ದಿನವೇ ಮಾವ ನಮ್ಮ ಕಸುಬಿನ ಲೆಕ್ಕ ಹೇಳಿದ್ದರು.

"ಕೆಳಗೆ ಅತ್ತು ವರ್ಸ, ಮ್ಯಾಲೆ ಮೂವತ್ತು ವರ್ಸ. ಅಷ್ಟೇ ಕಣ್ಲಾ ಸಿದ್ದ ನಮ್ ಆಯಸ್ಸು."

ಆಮೇಲೇನು ಅಂತ ಕೇಳಿದೆ.

"ಆಮೇಲೂ ಗುಂಡಿನೇ. ಆದ್ರೆ ಎಳ್ಯೋ ಕೆಲ್ಸ ಇರಕ್ಕಿಲ್ಲ."

ಹೇಳಿ ನಗಲಿಲ್ಲ. ನಗಿಸುವ ಮಾತನ್ನು ಅವರು ಹೇಳುತ್ತಿದ್ದದ್ದೇ ಹಾಗೆ.

ಕುಯ್ದ ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ, ಅದನ್ನು ಕುಯ್ಯುವಾಗ ಏನೇನಾಯಿತು ಅಂತ ಹೇಳುತ್ತಿದ್ದರು. ಕೆಳಗಿನವನು ತುಸು ಅಡ್ಡ ಎಳೆದರೂ ಹಲಗೆಯಲ್ಲಿ ಸಣ್ಣ ಅಲೆ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅವರ ಬೆರಳಿಗೆ ಸಿಗುತ್ತಿತ್ತು. ಇಲ್ಲಿ ನೀನು ಕೆಮ್ಮಿದೆ, ಇಲ್ಲಿ ನಿನಗೆ ಹಸಿವಾಗಿತ್ತು ಅನ್ನುತ್ತಿದ್ದರು. ಒಂದು ಸಲ ಒಂದು ಕಡೆ ಬೆರಳು ನಿಲ್ಲಿಸಿ, "ಇಲ್ಯಾರೋ ಬಳೆ ಸದ್ದು ಮಾಡ್ಕೊಂಡು ಓದ್ರು ಕಣ್ಲಾ" ಅಂದರು. ಹೋಗಿದ್ದು ನಿಜ. ಆ ವರ್ಷವೇ ನಮ್ಮಮ್ಮನಿಗೆ ಹೇಳಿ ನನಗೆ ಮದುವೆ ಮಾಡಿಸಿದರು.

ಅವರ ಕಣ್ಣು ಹೋಗುತ್ತಿದೆ ಅಂತ ನನಗೆ ಗೊತ್ತಾಗಿದ್ದು ಅವರ ಕಾಲಿನಿಂದ. ದಿಮ್ಮಿ ಹತ್ತಿದ ಮೇಲೆ ಕಾಲಿನ ಹೆಬ್ಬೆರಳಿನಿಂದ ಮಸಿಯ ಗೆರೆ ತಡವುತ್ತಿದ್ದರು. ಗೆರೆ ಕಾಲಿಗೆ ಸಿಗುವ ವಸ್ತುವಲ್ಲ. ಆ ವಾರ ಒಂದು ಬೀಟೆ ದಿಮ್ಮಿ ಕುಯ್ದೆವು. ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ರೊಟ್ಟಿಯ ಹಾಗೆ ತೆಳ್ಳಗೆ ಬಂತು. ಅಡ್ಡೆಯ ಸಾಹುಕಾರರು ಕೂಗಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಹಲಗೆ ಹೀಗೆ ಬಂದರೆ ಮುದುಕನನ್ನು ಮನೆಗೆ ಕಳಿಸಿ ನೀನು ಮೇಲೆ ಹತ್ತು, ಕೆಳಕ್ಕೆ ಬೇರೆ ಆಳು ಕೊಡುತ್ತೇನೆ ಅಂದರು.

ಮಾವನಿಗೆ ಅದನ್ನು ಹೇಳಲು ನನ್ನಿಂದ ಆಗಲಿಲ್ಲ. ಆಯುಧಪೂಜೆ ಮುಗಿದ ಮಾರನೇ ದಿನ ಗುಂಡಿಯಲ್ಲಿ ತಲೆ ಎತ್ತಿದೆ. ಕಣ್ಣು ಕಿರಿದು ಮಾಡಿಕೊಂಡು ಅಡಿಯ ಗೆರೆ ನೋಡುತ್ತಾ ಗರಗಸವನ್ನು ಕೆಳಗಿನಿಂದಲೇ ನಡೆಸಿದೆ. ಮಾವ ಎಡಕ್ಕೆ ಹೋದರೆ ನಾನು ಬಲಕ್ಕೆ ತರುತ್ತಿದ್ದೆ. ಹೊಟ್ಟು ಕಣ್ಣೊಳಗೆ ಬೀಳುತ್ತಿತ್ತು. ಸಂಜೆ ಹೆಂಡತಿ ಹರಳೆಣ್ಣೆ ಬಿಡುತ್ತಿದ್ದಳು. ಹಲಗೆ ಮಾತ್ರ ನೆಟ್ಟಗೆ ಬಂದವು. ಸಾಹುಕಾರರು ಸುಮ್ಮನಾದರು. ಮಾವನ ನಡಿಗೆಯೇ ಬದಲಾಯಿತು. ದೋಷ ಇದ್ದದ್ದು ಆ ಬೀಟೆ ಮರದಲ್ಲಿ, ತನ್ನ ಕಣ್ಣಿನಲ್ಲಲ್ಲ ಅಂತ ಅಡ್ಡೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಕೇಳಿಸಿಕೊಂಡು ನಾನು ಹೌದು ಅನ್ನುತ್ತಿದ್ದೆ.

ಕೆಂಪಮ್ಮತ್ತೆ, ಅಂದರೆ ಮಾವನ ಹೆಂಡತಿ, ಒಂದು ಮಧ್ಯಾಹ್ನ ಬುತ್ತಿ ತಂದವರು ನನ್ನ ಮುಖವನ್ನೇ ನೋಡಿದರು.

"ನಿನ್ ಕಣ್ಯಾಕ್ಲಾ ಇಂಗೆ ಕೆಂಪಗವೆ? ಅವ್ರು ಕೇಳ್ಲಿಲ್ವಾ?"

ನಾನು ಮುದ್ದೆ ಮುರಿಯತೊಡಗಿದೆ.

"ಕಂಡ್ರಲ್ವಾ ಕೇಳೋದು" ಅಂತ ಅವರೇ ಹೇಳಿ, ಖಾಲಿ ಕುಕ್ಕೆ ಎತ್ತಿಕೊಂಡು ಹೊರಟುಹೋದರು.

ಹೀಗೆ ಯುಗಾದಿಯವರೆಗೂ ನಡೆಯಿತು. ಒಂದು ಬೆಳಿಗ್ಗೆ ಮತ್ತಿ ಮರದ ದಿಮ್ಮಿ ಕುಯ್ಯುತ್ತಿದ್ದೆವು. ಗರಗಸ ಇದ್ದಕ್ಕಿದ್ದ ಹಾಗೆ ಎಡಕ್ಕೆ ಒತ್ತಿತು. ನಾನು ಬಲಕ್ಕೆ ತಂದೆ. ಮತ್ತೆ ಒತ್ತಿತು. ಮತ್ತೆ ತಂದೆ. ಮೂರನೇ ಸಲ ಮೇಲಿನ ಹಿಡಿ ನಿಂತೇಬಿಟ್ಟಿತು.

"ನಾನೇ ಬೇಕೂಂತ ವತ್ತಿದೆ ಕಣ್ಲಾ" ಅಂತ ಮೇಲಿನಿಂದ ಮಾವನ ದನಿ ಬಂತು. "ಎಡಕ್ಕೋಗು ಅಂದ್ರೆ ಬಲಕ್ಕೆ ಬತ್ತದೆ. ಯಾರ್ಲಾ ನಡೆಸ್ತಿರೋದು ಇದ್ನ?"

ನಾನು ಕೆಳಗಿನ ಹಿಡಿ ಬಿಟ್ಟೆ. ಮಾವ ದಿಮ್ಮಿಯಿಂದ ನಿಧಾನವಾಗಿ ಇಳಿದು ಗುಂಡಿಯ ಅಂಚಿನಲ್ಲಿ ಕೂತರು. ಎಷ್ಟು ದಿನದಿಂದ ಅಂತ ಕೇಳಿದರು. ಆಯುಧಪೂಜೆಯಿಂದ ಅಂದೆ. ಟವಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

"ಅಂಗಾರೆ ನಾನು ಊರೆಲ್ಲಾ ಒಗಳ್ಕೊಂಡಿದ್ದು ನಿನ್ ಕೆಲ್ಸನಾ?"

"ನಿಮ್ಮನ್ನ ಮನೇಗೆ ಕಳಿಸ್ಬುಡ್ತಿದ್ರು ಮಾವ."

"ಕಳಿಸ್ಲಿ. ನನ್ ಪಾಲಿನ ಕೆಲ್ಸ ನಾನು ಮಾಡ್ಬೇಕು, ಇಲ್ಲಾ ಮನೇಲಿರ್ಬೇಕು. ನಿನ್ ಎಗಲ್ ಮ್ಯಾಲೆ ಓಗಕ್ಕೆ ನಾನೇನು ಎಣನಾ? ಓಗು, ಮ್ಯಾಲತ್ತು."

ಹಾಗಂದವರು ತಾವೇ ಗುಂಡಿಗೆ ಇಳಿದರು. ಮೂವತ್ತು ವರ್ಷ ಮೇಲೆ ನಿಂತವನು ಮತ್ತೆ ಗುಂಡಿಗಿಳಿದದ್ದನ್ನು ಆ ಅಡ್ಡೆಯಲ್ಲಿ ಯಾರೂ ಕಂಡಿರಲಿಲ್ಲ. ಅಕ್ಕಪಕ್ಕದ ಗರಗಸಗಳೆಲ್ಲ ನಿಂತವು. ಸಾಹುಕಾರರು ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಮಾವ ತಲೆಗೆ ಟವಲು ಕಟ್ಟಿ ಕೆಳಗಿನ ಹಿಡಿ ಹಿಡಿದರು.

"ಇಲ್ಲಿ ಕಣ್ಣು ಬೇಕಾಗಿಲ್ಲ ಕಣ್ಲಾ. ಎಳ್ಡೂ ಮುಚ್ಕೊಂಡೇ ಎಳೀಬೋದು. ನಡಿ."

ಮೇಲೆ ನಿಂತು ನೋಡಿದರೆ ಅವರ ನೆರೆತ ತಲೆಯ ಮೇಲೆ ಕೆಂಪು ಹೊಟ್ಟು ಬೀಳುತ್ತಿತ್ತು. ಎರಡು ತಿಂಗಳು ಎಳೆದರು. ಗುಂಡಿಯ ಕೆಲಸಕ್ಕೆ ಕಣ್ಣು ಬೇಡ, ಉಸಿರು ಬೇಕು. ಅವರ ಉಸಿರು ಶಿಳ್ಳೆಯ ಹಾಗೆ ಕೇಳತೊಡಗಿದಾಗ ನಾನು ಸ್ವಲ್ಪ ನಿಧಾನ ಮಾಡಿದೆ. ತಕ್ಷಣ ಕೆಳಗಿನಿಂದ, "ಮ್ಯಾಲತ್ತಿದ್ರೂ ನಿನ್ ಮೋಸ ಬುಡ್ಲಿಲ್ವಲ್ಲಾ" ಅಂದರು. ಮತ್ತೆ ಮೊದಲಿನಂತೆಯೇ ಎತ್ತಿದೆ. ಅವರು ಕೇಳಿದ್ದು ಅದೇ.

ಒಂದು ಮಧ್ಯಾಹ್ನ ಗರಗಸ ಕೆಳಕ್ಕೆ ಹೋಗಲೇ ಇಲ್ಲ. ಬಗ್ಗಿ ನೋಡಿದೆ. ಮಾವ ಹಿಡಿಗೆ ಹಣೆ ಆನಿಸಿಕೊಂಡು ನಿಂತಿದ್ದರು. ಕೈ ಕೊಟ್ಟೆ, ಹಿಡಿಯಲಿಲ್ಲ. ತಾವೇ ತೆವಳಿಕೊಂಡು ಮೇಲೆ ಬಂದು, ಟವಲು ಕೊಡವಿ, ಮಡಿಸಿ ಹೆಗಲಿಗೆ ಹಾಕಿಕೊಂಡರು. ಸೊಂಟದಿಂದ ನೂಲಿನ ಉಂಡೆ ತೆಗೆದು ನನ್ನ ಕೈಗಿಟ್ಟರು. ನಾಳೆಯಿಂದ ಬರುವುದಿಲ್ಲ ಅಂದರು. ಮೂವತ್ತು ವರ್ಷದಲ್ಲಿ ಆ ನೂಲನ್ನು ಅವರು ಬೇರೆಯವರಿಗೆ ಮುಟ್ಟಲು ಬಿಟ್ಟವರಲ್ಲ.

ರಾಗಿ ಕುಯ್ಲು ಮುಗಿದ ಮೇಲೆ ಮಾವ ಹೇಳಿಕಳಿಸಿದರು. ನೀನೇ ನೂಲು ಹೊಡೆದು ಕುಯ್ದ ಹಲಗೆ ಒಂದನ್ನು ತಾ ಅಂತ. ಇದ್ದುದರಲ್ಲಿ ಒಳ್ಳೆಯದನ್ನು ಆರಿಸಿ ಹನಗೋಡಿಗೆ ಹೊತ್ತುಕೊಂಡು ಹೋದೆ. ಮಾವ ಚಾಪೆಯ ಮೇಲಿದ್ದರು. ಎರಡು ಕಣ್ಣೂ ತೆರೆದಿದ್ದವು, ಒಂದರಲ್ಲೂ ಏನೂ ಇರಲಿಲ್ಲ. ಕೆಂಪಮ್ಮತ್ತೆ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿದರು. ಹಲಗೆಯನ್ನು ಅವರ ತೊಡೆಯ ಮೇಲಿಟ್ಟೆ. ಹೆಬ್ಬೆರಳು ಈ ತುದಿಯಿಂದ ಹೊರಟು ನಿಧಾನವಾಗಿ ಹೋಗಿ, ಮುಕ್ಕಾಲು ದೂರದಲ್ಲಿ ನಿಂತಿತು. ಹಿಂದಕ್ಕೆ ಬಂತು. ಮತ್ತೆ ಅಲ್ಲೇ ನಿಂತಿತು.

"ಇಲ್ಲಿ ಕೆಳಕ್ಕೆ ನೋಡಿದ್ದೀಯ."

ಆ ಹಲಗೆ ಕುಯ್ದ ದಿನ ಗುಂಡಿಯಲ್ಲಿದ್ದವನು ಹೊಸ ಆಳು, ಎತ್ತಿನಂಥವನು. ಬಗ್ಗಿ ನೋಡುವ ಅಗತ್ಯ ನನಗಿರಲಿಲ್ಲ. ನೋಡಿದ್ದೆ.

"ಅಲ್ಲಿ ನಾನಿಲ್ಲ ಕಣ್ಲಾ" ಅಂದರು ಮಾವ. "ನೂಲು ನೋಡು."

ಹದಿನೈದು ದಿನಕ್ಕೆ ತೀರಿಕೊಂಡರು. ಸುದ್ದಿ ಅಡ್ಡೆಗೆ ಬರುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು.

ಆ ಹಲಗೆ ಈಗ ನಮ್ಮ ಮನೆಯಲ್ಲಿದೆ. ಅದರ ಮೇಲೆ ನೀರಿನ ಕೊಡ ಇಡುತ್ತೇವೆ. ಆ ಒಂದು ಜಾಗದಲ್ಲಿ ಇಟ್ಟರೆ ಕೊಡ ಅಲ್ಲಾಡುತ್ತದೆ, ನೀರು ಚೆಲ್ಲುತ್ತದೆ. ಉಜ್ಜುಗೊರಡು ಹಾಕಿ ಸಮ ಮಾಡಿ ಅಂತ ಹೆಂಡತಿ ದಿನಾ ಹೇಳುತ್ತಾಳೆ. ನಾನು ಮಾಡಿಲ್ಲ.