ಮೂರನೇ ಬೆಡ್ಡಿನ ಸೊನ್ನೆ

ಮಾನ್ವಿಯಿಂದ ಬೆಳಗಿನ ಬಸ್ಸು ಹಿಡಿದು ರಾಯಚೂರಿನ ಆಸ್ಪತ್ರೆಗೆ ಬರುವ ಸುಮಂಗಲಾ ಸಿಸ್ಟರ್‌ಗೆ ಈಗೀಗ ಬಸ್ಸಿನ ಸೀಟೇ ಹಾಸಿಗೆ. ನವಜಾತ ಶಿಶುಗಳ ಐಸಿಯುನಲ್ಲಿ ಹದಿನೆಂಟು ವರ್ಷ ಸವೆಸಿದ ಹೆಂಗಸು. ಎಂಟು ಕೂಸಿಗೆ ಇಬ್ಬರೇ ನರ್ಸು. ಜೊತೆಯವಳಿಗೆ ಡೆಂಗಿಯಾಗಿ ವಾರವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಯಾರಿಗೆ ಹೇಳುವುದು ಇದನ್ನು?

ಮೂರನೇ ಬೆಡ್ಡಿನಲ್ಲಿ ದೇವದುರ್ಗದಿಂದ ತಂದ ಕೂಸಿತ್ತು. ದಿನ ತುಂಬುವ ಮೊದಲೇ ಹುಟ್ಟಿದ್ದು. ಗಂಟಲಿಗೆ ನಳಿಕೆ ಇಳಿಸಿ, ಮಷೀನೇ ಉಸಿರಾಡಿಸುತ್ತಿತ್ತು. ನಾಲ್ಕು ತಾಸಿಗೊಮ್ಮೆ ಕೂಸಿನ ಹಣೆ, ಕಣ್ಣು, ಮುಷ್ಟಿ ನೋಡಿ ನೋವೆಷ್ಟೆಂದು ಅಂಕಿ ಬರೆಯಬೇಕು. ಡಾಕ್ಟರು ನೋವಿನ ಔಷಧ ಕೊಡುವುದು ಆ ಅಂಕಿ ನೋಡಿ. ಬೆಳಿಗ್ಗೆ ಸುಮಂಗಲಾ ಮುಖ ನೋಡದೆಯೇ ಸೊನ್ನೆ ಹಾಕಿದ್ದಳು. ಅಳುವ ಕೂಸುಗಳ ನಡುವೆ ಇದು ಸುಮ್ಮನಿತ್ತಲ್ಲ, ಅದಕ್ಕೆ.

ಬಾಣಂತಿ ದೇವದುರ್ಗದಲ್ಲೇ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಳು. ಮಧ್ಯಾಹ್ನ ಐದು ನಿಮಿಷ ನೋಡಲು ಬಿಟ್ಟಾಗ ಕೂಸಿನ ಅಜ್ಜಿ, ಕುರ್ಡಿಯ ಬಸವಂತಮ್ಮ ಕೈ ತೊಳೆದು ಒಳಬಂದಳು. ಊರಲ್ಲಿ ನೂರಾರು ಹೆರಿಗೆ ಮಾಡಿಸಿದ ಕೈ ಅದು.

"ಯವ್ವಾ, ಕೂಸು ಅಳವಲ್ದಲ್ಲ!" ಎನ್ನುತ್ತಲೇ ಅಂಗಾಲಿಗೆ ಬೆರಳಿನಿಂದ ಟಪ್ಪನೆ ಚಿಮ್ಮಿದಳು. ಅಳದ ಕೂಸನ್ನು ಅಳಿಸಲು ಸೂಲಗಿತ್ತಿಯರು ಮಾಡುತ್ತ ಬಂದದ್ದೇ ಅದು. ಆದರೆ ಅದೇ ಕಾಲಿನ ಹಿಮ್ಮಡಿಗೆ ಅಂದು ಮೂರು ಸಲ ಸೂಜಿ ಚುಚ್ಚಿ ರಕ್ತ ತೆಗೆದಿದ್ದರು.

"ಏನ್ ಮಾಡಾಕತ್ತೀಯವ್ವಾ! ಕೈ ತೆಗಿ!" ಸುಮಂಗಲಾ ಓಡಿ ಬಂದಳು.

ಕೂಸಿನ ಮುಖ ಮುದುಡಿತ್ತು. ಬಾಯಿ ತೆರೆದು, ಮೈಯೆಲ್ಲ ಕೆಂಪಾಗಿ ಅಳುತ್ತಿತ್ತು. ಸದ್ದು ಮಾತ್ರ ಇಲ್ಲ.

"ಅಳಾಕತ್ತದ," ಮುದುಕಿ ಬೆಚ್ಚಿದಳು. "ಧ್ವನಿ ಯಾಕ ಬರವಲ್ದು?"

"ಗಂಟಲಾಗ ನಳಿಗಿ ಅದ. ಹೆಂಗ ಬರತದ?"

"ಹಂಗಾರ ಮುಂಜಾನಿಂದ ಹಿಂಗ ಅಳಾಕತ್ತಿತ್ತೇನು?"

ಸುಮಂಗಲಾ ಮಾನಿಟರಿನ ಕಡೆ ತಿರುಗಿದಳು. ಪರದೆಯಲ್ಲಿ ಹಿಂದಿನ ಲೆಕ್ಕ ತೆಗೆದು ನೋಡಿದಳು. ಎದೆಬಡಿತ ಬೆಳಗಿನಿಂದಲೇ ಏರಿ ಕೂತಿತ್ತು. ಡಾಕ್ಟರ್ ವಿನೋದರಿಗೆ ಫೋನ್ ಮಾಡಿದಳು.

"ಸರ್, ಮುಂಜಾನಿ ನಾನು ನೋಡದೇ ಸೊನ್ನಿ ಬರದೀನ್ರಿ. ಮೂರನೇ ಬೆಡ್ಡಿನ ಕೂಸಿಗೆ ನೋವದ. ಲಗೂನ ಬರ್ರಿ."

ಅವರು ಬರುವ ತನಕ ಮುದುಕಿಯ ಒಂದು ಕೈಯನ್ನು ಕೂಸಿನ ತಲೆಗೆ, ಇನ್ನೊಂದನ್ನು ಮಡಿಸಿದ ಕಾಲುಗಳಿಗೆ ಇಡಿಸಿದಳು. "ಒತ್ತಬ್ಯಾಡ. ಸುಮ್ನ ಹಿಂಗ ಹಿಡಕೊಂಡಿರು."

ಡಾಕ್ಟರು ಬಂದು ಬೈದರು, ಔಷಧ ಕೊಟ್ಟರು. ಅರ್ಧ ತಾಸಿಗೆ ಹಣೆಯ ಗೆರೆ ಸಡಿಲಾಯಿತು. ಐದು ನಿಮಿಷ ಯಾವಾಗಲೋ ಮುಗಿದಿತ್ತು, ಮುದುಕಿಯನ್ನು ಹೊರಗೆ ಹೋಗೆಂದು ಯಾರೂ ಹೇಳಲಿಲ್ಲ.

"ಈಗ ಸುಮ್ಮನಾತವ್ವಾ," ಎಂದಳು ಬಸವಂತಮ್ಮ.

ಸುಮಂಗಲಾ ಆ ಮಾತನ್ನು ನಂಬದೆ ಬಗ್ಗಿ ಮುಖ ನೋಡಿದಳು. ಆಮೇಲೆ ಕಾಲೆಳೆದುಕೊಂಡು ಗಂಟಲಿಗೆ ನಳಿಕೆ ಇಳಿಸಿದ್ದ ಇನ್ನೆರಡು ಕೂಸುಗಳ ಕಡೆ ಹೊರಟಳು. ಬೆಳಿಗ್ಗೆ ಅವಕ್ಕೂ ಸೊನ್ನೆಯನ್ನೇ ಹಾಕಿದ್ದಳು.